ಎಡಗೆನ್ನೆಯ ಬಿಸಿಲು

ಒಬ್ಬರ ಮುಖದ ಮೇಲೆ ಬಂಗು ಬಂದರೆ ಸಾಕು, ಸುತ್ತಮುತ್ತಲಿನವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಕ್ಲಚ್ ಮೇಡಂ ತನಗೆ ಸಿಕ್ಕ ಸಲಹೆಗಳನ್ನೆಲ್ಲ ಕೆನ್ನೆಗೆ ಮೆತ್ತಿಕೊಂಡಿದ್ದರೆ ಇಷ್ಟು ಹೊತ್ತಿಗೆ ಕೆನ್ನೆಯೇ ಉಳಿಯುತ್ತಿರಲಿಲ್ಲ. ನಿಂಬೆಹಣ್ಣು ತಿಕ್ಕು ಎಂದವರು ಒಬ್ಬರು, ಹಾಲಿನ ಕೆನೆ ಹಚ್ಚು ಎಂದವರು ಇನ್ನೊಬ್ಬರು, ರಕ್ತವೇ ಕೆಟ್ಟಿದೆ ಎಂದು ಹೇಳಿ ಕೈ ತೊಳೆದುಕೊಂಡವರು ಮತ್ತೊಬ್ಬರು. ಮೂಲೆಯಂಗಡಿಯವನು ಒಂದು ಪುಟ್ಟ ಟ್ಯೂಬು ಕೊಟ್ಟು, ವಾರದಲ್ಲಿ ನೋಡಿ ಅಂದಿದ್ದ. ವಾರದಲ್ಲಿ ಮುಖ ಬೆಳ್ಳಗಾದದ್ದೇನೋ ನಿಜ. ಹಚ್ಚುವುದನ್ನು ಬಿಟ್ಟ ಮೇಲೆ ಮೊದಲಿಗಿಂತ ಕಪ್ಪಾಗಿ, ಚರ್ಮ ಕೆಂಪೇರಿ ಉರಿಯತೊಡಗಿತು. ಅಲ್ಲಿಗೆ ಅವಳು ಊರವರ ವೈದ್ಯಕ್ಕೆ ದೊಡ್ಡ ನಮಸ್ಕಾರ ಹಾಕಿದಳು.

ಕ್ಲಚ್ ಮೇಡಂ ಅನ್ನುವುದು ಶಿಷ್ಯೆಯರು ಇಟ್ಟ ಹೆಸರು. ದಿನವಿಡೀ "ಕ್ಲಚ್ಚಮ್ಮಾ, ಕ್ಲಚ್ಚು" ಎಂದು ಬಡಿದುಕೊಳ್ಳುವವಳಿಗೆ ಇನ್ನೇನು ಹೆಸರು ಬಂದೀತು? ಮನೆಯ ಮುಂದಿನ ಕೋಣೆಯೇ ಡ್ರೈವಿಂಗ್ ಸ್ಕೂಲು. ಒಂದು ಮೇಜು, ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ, ಬಾಗಿಲ ಹಿಂದೆ ಕಾರಿನ ಕೀಲಿ ತೂಗುಹಾಕುವ ಮೊಳೆ. ಹಿಂದಿನ ಮೂರು ಕೋಣೆಗಳಲ್ಲಿ ಸಂಸಾರ. ಸ್ಕೂಲು ಕಟ್ಟಿ ಬೆಳೆಸಿದವರು ಮಾವ. ಲೈಸೆನ್ಸ್ ಕಚೇರಿಯ ಓಡಾಟವೆಲ್ಲ ಗಂಡನದು. ಹೆಂಗಸರಿಗೆ ಕಾರು ಕಲಿಸುವುದು ಸೊಸೆ. ಕಲಿಯುವವರು ಬಲಗಡೆ ಸ್ಟೀರಿಂಗ್ ಹಿಡಿದು ಕೂತರೆ, ಎಡಗಡೆಯ ಸೀಟು ಅವಳದು. ಅಲ್ಲಿ ಅವಳ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಮದುವೆಯಾಗಿ ಬಂದಾಗ ಸೈಕಲ್ ಕೂಡ ಬಾರದ ಹುಡುಗಿ ಆ ಸೀಟಿಗೆ ಬಂದು ಕೂತು ಹನ್ನೊಂದು ವರ್ಷವಾಗಿತ್ತು.

ಮಾವನಿಗೆ ಸ್ಕೂಲಿನ ಬಗ್ಗೆ ಹೆಮ್ಮೆ. ಅದಕ್ಕಿಂತ ಹೆಮ್ಮೆ, ತಾವು ಗೊತ್ತುಮಾಡಿದ ಪಾಠದ ದಾರಿಯ ಬಗ್ಗೆ. ಓಣಿಯ ತುದಿಯಲ್ಲಿ ಹೊರರಸ್ತೆ ಸಿಗುತ್ತದೆ. ಬೆಳಗಿನ ಪಾಠಕ್ಕೆ ಅಲ್ಲಿ ಬಲಕ್ಕೆ ತಿರುಗಬೇಕು, ಸಂಜೆಯ ಪಾಠಕ್ಕೆ ಎಡಕ್ಕೆ. ವಾಪಸು ಬರುವುದು ಮರಗಳ ನೆರಳಿರುವ ಒಳರಸ್ತೆಯಲ್ಲಿ. ಹೀಗೆ ಹೋದರೆ ಬೆಳಿಗ್ಗೆಯಾಗಲಿ ಸಂಜೆಯಾಗಲಿ ಬಿಸಿಲು ಕಲಿಯುವವರ ಕಡೆ ಸುಳಿಯುವುದಿಲ್ಲ. "ಮೊದಲೇ ಹೆದರಿರ್ತಾರೆ. ಅದರ ಮೇಲೆ ಬಿಸಿಲೂ ಕಣ್ಣಿಗೆ ಹೊಡೆದ್ರೆ ಕೈಕಾಲೇ ಆಡಲ್ಲ," ಎಂದು ಅವರು ಸೇರಲು ಬಂದವರಿಗೆಲ್ಲ ವಿವರಿಸುತ್ತಿದ್ದರು. ಆ ಬಿಸಿಲು ಮತ್ತೆ ಯಾರ ಕಡೆ ಬೀಳುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕಾರಿನ ಕಿಟಕಿಗೆ ಕಪ್ಪು ಹಾಳೆ ಅಂಟಿಸಲು ಕಾನೂನು ಬಿಡುವುದಿಲ್ಲ, ಪರದೆ ಕಟ್ಟಿದರೆ ಪಕ್ಕದ ಕನ್ನಡಿ ಕಾಣುವುದಿಲ್ಲ.

ಚರ್ಮದ ಡಾಕ್ಟರು ಗಟ್ಟಿ ಹೆಂಗಸು. ಸುಳ್ಳು ಆಸೆ ಹುಟ್ಟಿಸುವವರಲ್ಲ. ಬಂಗು ಬುಡಸಮೇತ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಆದರೆ ಹದ್ದುಬಸ್ತಿನಲ್ಲಿ ಇಡಬಹುದು ಎಂದರು. ರಾತ್ರಿಗೊಂದು ಕ್ರೀಮು, ಹಗಲಿಗೆ ಬಿಸಿಲು ತಡೆಯುವ ಕ್ರೀಮು. ಚರ್ಮ ಹದಕ್ಕೆ ಬಂದ ಮೇಲೆ ಕೆಲವು ವಾರಗಳಿಗೊಮ್ಮೆ ಪೀಲ್, ಅಂದರೆ ಹಗುರ ಆಸಿಡ್ ಸವರಿ ಮೇಲಿನ ಪದರ ಉದುರಿಸುವುದು. ಕ್ರೀಮೊಂದನ್ನೇ ನಂಬಿದರೆ ತೀರಾ ನಿಧಾನ, ಪೀಲ್ ಒಂದನ್ನೇ ನಂಬಿದರೆ ಹೋದ ಬಣ್ಣ ಬೇಗ ಮರಳುತ್ತದೆ, ಎರಡೂ ಜೊತೆಗಿದ್ದರೆ ಮೇಲು. ಬಿಸಿಲಿಗೆ ಮುಖ ಕೊಟ್ಟರೆ ಮಾತ್ರ ಎರಡೂ ನೀರಿಗೆ ಹಾಕಿದ ಹಾಗೆ ಎಂದು ಸೇರಿಸಿದರು.

ರಾತ್ರಿ ಊಟಕ್ಕೆ ಕೂತಾಗ ಮೇಡಂ ವಿಷಯ ತೆಗೆದಳು. ಗಂಡನಿಗೆ ಅನ್ನ ನೆತ್ತಿಗೇರಿತು. ಪೀಲ್ ಅಂದರೆ ಆಲೂಗಡ್ಡೆ ಸಿಪ್ಪೆ ತೆಗೆದ ಹಾಗೋ, ಕಿತ್ತಳೆ ಸುಲಿದ ಹಾಗೋ ಎಂದು ನಕ್ಕ. ಕಾಲೇಜಿಗೆ ಹೋಗುವ ಮಗಳು, ಅಪ್ಪನ ತಲೆ ಮೇಲೆ ಉಳಿದಿರುವ ನಾಲ್ಕು ಕೂದಲಿಗೆ ತಿಂಗಳಿಗೊಂದು ಎಣ್ಣೆ ಬಾಟಲಿ ಬರುತ್ತದಲ್ಲ, ಅದನ್ನು ಏನನ್ನಬೇಕು ಎಂದು ಕೇಳಿ ಅವನ ಬಾಯಿ ಮುಚ್ಚಿಸಿದಳು. ಅತ್ತೆ ಮಾತ್ರ ನಗಲಿಲ್ಲ. ತಟ್ಟೆಗೆ ಬೇಳೆ ಬಡಿಸುತ್ತಾ, "ನನಗೂ ಇತ್ತಮ್ಮ ಬಂಗು. ಹೆತ್ತವರಿಗೆಲ್ಲ ಬರುತ್ತೆ. ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕಾಗಿದೆ ಮುಖ?" ಅಂದರು.

"ನನಗೇ, ಅತ್ತೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತ್ಕೊಳ್ಳೋದು ನಾನೇ ಅಲ್ವಾ? ನನ್ನ ದುಡಿಮೆ, ನನ್ನ ಮುಖ. ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಮಾವ ತಲೆ ಎತ್ತಲಿಲ್ಲ. ಪಾಠ ತಪ್ಪದಿದ್ದರೆ ಸರಿ ಎಂದು ಗೊಣಗಿ, ಬದನೆಕಾಯಿ ಹೋಳನ್ನು ತಟ್ಟೆಯ ಅಂಚಿಗೆ ಸರಿಸಿದರು. ಅವರಿಗೆ ಬದನೆಕಾಯಿ ಕಂಡರೆ ಆಗುವುದಿಲ್ಲ, ಆದರೂ ಅತ್ತೆ ಪ್ರತಿ ಸಲ ಹಾಕುತ್ತಾರೆ.

ಅಂದಿನಿಂದ ಮೇಡಂಳ ದಿನಚರಿಗೆ ಎರಡು ಟ್ಯೂಬು ಸೇರಿಕೊಂಡವು. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ, ಕಾರು ಒರೆಸಿ, ಮುಖಕ್ಕೆ ಬಿಳಿ ಕ್ರೀಮು ಹಚ್ಚಿಕೊಂಡು ಹೊರಡುತ್ತಿದ್ದಳು. ಎರಡು ಪಾಠಗಳ ನಡುವೆ ಮತ್ತೆ ಹಚ್ಚಬೇಕು. ಮೂಗಿನ ಪಕ್ಕ ಬಿಳಿ ಉಳಿದರೆ ಶಿಷ್ಯೆಯರೇ ತೋರಿಸಿಕೊಡುತ್ತಿದ್ದರು. ರಾತ್ರಿ ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಕೊನೆಗೆ ಇನ್ನೊಂದು ಕ್ರೀಮನ್ನು ಬಟಾಣಿ ಕಾಳಿನಷ್ಟು. ಅತ್ತೆ ಕದ್ದು ಟ್ಯೂಬಿನ ವಾಸನೆ ನೋಡಿ, ಇಷ್ಟು ದುಡ್ಡಿಗೆ ಒಂದು ಒಳ್ಳೇ ಘಮವಾದರೂ ಬೇಡವೇ ಎಂದು ಮೂಗು ಮುರಿದರು.

ಮೊದಲ ಪೀಲ್‌ಗೆ ಮಗಳು ಜೊತೆಗೆ ಹೋದಳು. ಕೆಲವು ದಿನ ಮುಂಚೆಯೇ ರಾತ್ರಿಯ ಕ್ರೀಮು ನಿಲ್ಲಿಸಲು ಡಾಕ್ಟರು ಹೇಳಿದ್ದರು. ಬ್ರಷ್ಷಿನಲ್ಲಿ ನೀರಿನಂಥದ್ದನ್ನು ಸವರಿದಾಗ ಮೇಡಂಗೆ ಇರುವೆ ಹರಿದಂತಾಗಿ, ಆಮೇಲೆ ಮೆಣಸಿನಕಾಯಿ ಮುಟ್ಟಿದ ಕೈ ಇಟ್ಟಂತಾಯಿತು. ಮಗಳು ಪುಸ್ತಕದಿಂದ ಗಾಳಿ ಹಾಕಿದಳು. ತಡೆದುಕೊಳ್ಳಲಾರೆ ಅನ್ನುವಷ್ಟರಲ್ಲಿ ಡಾಕ್ಟರು ಅದನ್ನು ತೊಳೆದು ತಣ್ಣೀರ ಬಟ್ಟೆ ಹಾಕಿದರು. ಸಿಪ್ಪೆ ಏಳುತ್ತದೆ, ಉಗುರು ಹಾಕಬೇಡಿ, ಚರ್ಮ ಸುಧಾರಿಸುವವರೆಗೆ ಕ್ರೀಮು ಬೇಡ ಎಂದು ಹೇಳಿ ಕಳಿಸಿದರು.

ಸಿಪ್ಪೆ ಎದ್ದಿತು. ಬಾಯಿ ಸುತ್ತ, ಗಲ್ಲದ ಮೇಲೆ, ಹಳೆಯ ಗೋಡೆಯ ಸುಣ್ಣದ ಹಾಗೆ. ಗಂಡ ಗಾಬರಿಯಾಗಿ, ಗಿರಾಕಿಗಳು ಏನಂದುಕೊಳ್ಳುತ್ತಾರೆ, ಒಂದಷ್ಟು ದಿನ ಒಳಗೇ ಕೂತುಬಿಡು ಅಂದ. ಅವಳು ಜಪ್ಪಯ್ಯ ಅಂದರೂ ಕೇಳಲಿಲ್ಲ. ದೊಡ್ಡ ಟೋಪಿ ಹಾಕಿಕೊಂಡು ಕಾರು ಹತ್ತಿದಳು. ಆಗ ಕಲಿಯುತ್ತಿದ್ದವರಲ್ಲಿ ಒಬ್ಬರು ನರ್ಸಮ್ಮ. ಆಸ್ಪತ್ರೆಯಲ್ಲಿ ರಕ್ತ ಕಂಡು ಹೆದರದ ಹೆಂಗಸು ಗೇರ್ ಬದಲಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರು ಮೇಡಂ ಮುಖವನ್ನು ಒಮ್ಮೆ ನೋಡಿ, "ಪೀಲಾ? ಕಿತ್ಕೋಬೇಡಿ ಮತ್ತೆ," ಎಂದು ಇಂಜಿನ್ ಚಾಲೂ ಮಾಡಿದರು. ಗಿರಾಕಿಗಳ ಕಥೆ ಅಷ್ಟೇ ಆಯಿತು.

ಎರಡನೆಯ ಪೀಲ್ ಮುಗಿದು ಸ್ವಲ್ಪ ದಿನಕ್ಕೆ ಬಲಗೆನ್ನೆಯ ಬಂಗು ತೆಳ್ಳಗಾಯಿತು. ಹಣೆಯದೂ ಅಷ್ಟೇ. ಅತ್ತೆ ಬೀನ್ಸ್ ಬಿಡಿಸುತ್ತಾ ಕೂತವರು ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಪರವಾಗಿಲ್ಲ ಕಣೇ," ಅಂದರು. ಹೇಳಿದ್ದೇ ತಪ್ಪಾಯಿತು ಅನ್ನುವಂತೆ ಮತ್ತೆ ಬೀನ್ಸಿಗೆ ಕೈ ಹಾಕಿದರು. ಆದರೆ ಎಡಗೆನ್ನೆ ಮಾತ್ರ ಹಟ ಹಿಡಿದು ಕೂತಿತ್ತು. ಡಾಕ್ಟರು ಎರಡೂ ಕೆನ್ನೆ ನೋಡಿ, ಎಡಗಡೆ ಮಲಗಿ ಓದುತ್ತೀರಾ, ಒಲೆ ಎಡಗಡೆ ಇದೆಯಾ ಎಂದೆಲ್ಲ ಕೇಳಿದರು. ಕೊನೆಗೆ ಏನು ಕೆಲಸ ಎಂದು ಕೇಳಿದಾಗ ಮೇಡಂ ಹೇಳಿದಳು.

"ಕಿಟಕಿ ಗಾಜು ಏರಿಸೇ ಇರ್ತೀನಿ, ಡಾಕ್ಟ್ರೇ."

"ಗಾಜು ಎಲ್ಲಾನೂ ತಡೆಯಲ್ಲಮ್ಮ. ಬೆಳಕು, ಶಾಖ ಒಳಗೆ ಬಂದೇ ಬರುತ್ತೆ. ಕ್ರೀಮು ಒಂದು ಕಡೆ ಎಳೀತಿದೆ, ಬಿಸಿಲು ಇನ್ನೊಂದು ಕಡೆ. ಅದಕ್ಕೊಂದು ದಾರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ನಾನೂ ಸುಮ್ನೆ, ನೀವೂ ಸುಮ್ನೆ."

ಬಸ್ಸಿನಲ್ಲಿ ಬರುವಾಗ ಮೇಡಂಗೆ ತಟ್ಟನೆ ಹೊಳೆಯಿತು. ಬೆಳಿಗ್ಗೆ ಬಲಕ್ಕೆ, ಸಂಜೆ ಎಡಕ್ಕೆ. ಎರಡು ಹೊತ್ತೂ ಬಿಸಿಲು ಬೀಳುವುದು ಎಡಗಡೆಯ ಸೀಟಿಗೆ, ತನ್ನ ಕೆನ್ನೆಗೆ. ಹನ್ನೊಂದು ವರ್ಷ ಆ ದಾರಿಯನ್ನು ತಾನೇ ಸರಿ ಎಂದು ಒಪ್ಪಿಕೊಂಡು ಬಂದದ್ದಕ್ಕೆ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ, ಇನ್ನು ದಾರಿ ತಿರುವುಮುರುವು ಮಾಡೋಣ, ಬೆಳಿಗ್ಗೆ ಎಡಕ್ಕೆ ಹೋಗೋಣ, ಸಂಜೆ ಬಲಕ್ಕೆ ಎಂದು ಮಾವನಿಗೆ ಹೇಳಿದಳು. ಮಾವ ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಅದು ಸಿಟ್ಟಿನ ಗುರುತು ಎಂದು ಮನೆಯವರಿಗೆಲ್ಲ ಗೊತ್ತು.

"ಅಂದ್ರೆ ಕಲಿಯೋರ ಮುಖಕ್ಕೆ ಬಿಸಿಲು ಹಾಕ್ತೀಯಾ?"

"ಅವರಿಗೆ ಒಂದು ತಿಂಗಳು, ದಿನಕ್ಕೆ ಅರ್ಧ ಗಂಟೆ. ನನಗೆ ಹನ್ನೊಂದು ವರ್ಷ, ಮಾವ."

"ಮೂವತ್ತು ವರ್ಷದ ದಾರಿ ಅದು. ನೋಡಮ್ಮಾ, ಆ ಸೀಟಲ್ಲಿ ಕೂತ್ಕೋಬೇಕಾದ್ರೆ ಬಿಸಿಲು ತಡ್ಕೋಬೇಕು. ಮುಖದ ಚಿಂತೆ ಇದ್ರೆ ಆಫೀಸಲ್ಲಿ ಫ್ಯಾನ್ ಕೆಳಗೆ ಕೂತ್ಕೋ. ನಿನ್ನ ಬ್ಯಾಚು ನಾನು ನೋಡ್ಕೋತೀನಿ. ಎರಡರಲ್ಲಿ ಒಂದು ಆರಿಸ್ಕೋ."

"ಎರಡೂ ಬೇಕು ನನಗೆ," ಅಂದಳು ಮೇಡಂ.

ಮರುದಿನ ಬೆಳಿಗ್ಗೆ ಬಾಗಿಲ ಹಿಂದಿನ ಮೊಳೆಯಲ್ಲಿ ಕೀಲಿ ಇರಲಿಲ್ಲ. ಅದು ಮಾವನ ಅಂಗಿಯ ಜೇಬಿನಲ್ಲಿತ್ತು. ಗಂಡ ಸಮಾಧಾನ ಮಾಡಲು ನೋಡಿದ. ಅಪ್ಪನ ಸ್ವಭಾವ ಗೊತ್ತಲ್ಲ, ನಾಲ್ಕು ದಿನ ಸುಮ್ಮನಿರು, ಅಷ್ಟರಲ್ಲಿ ಮುಖವೂ ಸರಿಹೋಗುತ್ತದೆ, ಹೇಗೂ ನಿನಗೆ ನೆರಳು ತಾನೇ ಬೇಕಿದ್ದದ್ದು ಅಂದ. ಅವಳು ಅವನನ್ನು ದುರುಗುಟ್ಟಿ ನೋಡಿದಳು. "ರೀ, ನಿಮ್ಮ ಕಾಲು ನೋವಾದ್ರೆ ನಡೆಯೋದೇ ನಿಲ್ಸಿಬಿಡ್ತೀರಾ?" ಎಂದು ಕೇಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಲೈಸೆನ್ಸ್ ಕಚೇರಿಗೆ ಹೊರಟುಹೋದ.

ಮೇಡಂ ಮೇಜಿನ ಹಿಂದೆ ಕೂತಳು. ಕೂತು ಕೂತು ಸೊಂಟ ಹಿಡಿಯಿತು. ಅಂಗಳದಿಂದ ಕಾರು ಹೊರಡುವ ಸದ್ದು ಕೇಳಿದರೆ ಬಲಗಾಲು ತಾನಾಗಿಯೇ ಬ್ರೇಕು ಹುಡುಕುತ್ತಿತ್ತು. ಸಿಟ್ಟಿಗೆ ಅಡುಗೆಯಲ್ಲಿ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಉಪ್ಪೇ ಇಲ್ಲ. ಯಾರೂ ತುಟಿಪಿಟಿಕ್ಕೆನ್ನದೆ ಉಂಡು ಎದ್ದರು. ಎಡಗೆನ್ನೆ ಮೆಲ್ಲಗೆ ತಿಳಿಯಾಗತೊಡಗಿತ್ತು. ಕನ್ನಡಿಯಲ್ಲಿ ಅದನ್ನು ನೋಡಿದಾಗ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೆನ್ನೆಯನ್ನು ಕೊಟ್ಟು ಸೀಟು ಕಿತ್ತುಕೊಂಡರಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ರಾತ್ರಿಯ ಕ್ರೀಮು ತಪ್ಪಿಸಲಿಲ್ಲ. ಮುಂದಿನ ಪೀಲ್‌ಗೆ ಹೆಸರು ಬರೆಸಿದಳು. ಒಂದನ್ನು ಬಿಟ್ಟರೆ ಇನ್ನೊಂದು ಸಿಗುತ್ತದೆ ಅನ್ನುವ ಮಾತಿಗೆ ತಾನಾಗಿ ಗೋಣು ಹಾಕಬಾರದು ಎಂದು ನಿಶ್ಚಯಿಸಿದ್ದಳು.

ಆ ನಡುವೆ ನರ್ಸಮ್ಮ ಲೈಸೆನ್ಸ್ ಪರೀಕ್ಷೆಗೆ ಹೋಗಿ ಫೇಲಾಗಿ ಬಂದರು. ಸಿಟ್ಟಿನಲ್ಲಿ ನೇರವಾಗಿ ಆಫೀಸಿಗೇ ಬಂದು ಕುರ್ಚಿ ಎಳೆದು ಕೂತರು. ಪರೀಕ್ಷೆಯ ಮೈದಾನದಲ್ಲಿ ಕಾರು ತಿರುಗಿಸುತ್ತಿದ್ದ ಹಾಗೆ ಬಲಗಡೆಯಿಂದ ಬಿಸಿಲು ಫಳ್ಳೆಂದು ಮುಖಕ್ಕೆ ಬಡಿಯಿತಂತೆ. ಇಷ್ಟು ದಿನ ಕಲಿತರೂ ಒಂದು ದಿನವೂ ಹಾಗೆ ಬಿದ್ದಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಸ್ಟೀರಿಂಗ್ ಬಿಟ್ಟು ಎರಡೂ ಕೈ ಕಣ್ಣಿಗೆ ಅಡ್ಡ ಹಿಡಿದರಂತೆ. ಕಾರು ಹೋಗಿ ಬಿದಿರಿನ ಕಂಬಕ್ಕೆ ಮುತ್ತಿಟ್ಟಿತು. "ಬಿಸಿಲಿಗೆ ಮೇಲೊಂದು ಹಲಗೆ ಇದೆಯಂತಲ್ಲ ಮೇಡಂ, ಕೆಳಗೆ ಎಳ್ಕೊಳ್ಳೋದು? ಪರೀಕ್ಷೆ ಮಾಡೋ ಸಾಹೇಬ್ರು ಹೇಳಿದ ಮೇಲೆ ನಂಗೆ ಗೊತ್ತಾಗಿದ್ದು," ಅಂದರು ನರ್ಸಮ್ಮ. ಮೇಡಂಗೆ ನಾಚಿಕೆಯಾಯಿತು. ಆ ಹಲಗೆಯನ್ನು ಎಳೆಯುವುದು ಅವಳೂ ಯಾರಿಗೂ ಕಲಿಸಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳು ನರ್ಸಮ್ಮನ ಕಥೆ ಹೇಳಿದಳು. ರಸ್ತೆ ಮೇಲೆ ಬಿಸಿಲು ಯಾರನ್ನೂ ಕೇಳಿ ಬೀಳುವುದಿಲ್ಲ, ನೆರಳಲ್ಲೇ ಕಲಿತವರು ಬಿಸಿಲಲ್ಲಿ ಕಂಬಕ್ಕೆ ಗುದ್ದುತ್ತಾರೆ, ದಾರಿ ಬದಲಾಗಲೇಬೇಕು ಅಂದಳು. ಗಂಡ ಒಮ್ಮೆ ಅಪ್ಪನನ್ನು, ಒಮ್ಮೆ ಹೆಂಡತಿಯನ್ನು ನೋಡಿ, ನೀರಿನ ಲೋಟ ಬಾಯಿಗಿಟ್ಟುಕೊಂಡ. ಲೋಟ ಖಾಲಿಯಾದರೂ ಇಳಿಸಲಿಲ್ಲ.

ಒಬ್ಬಳು ಫೇಲಾದರೆ ದಾರಿ ತಪ್ಪೇ, ಆಕೆಗೆ ಧೈರ್ಯ ಸಾಲದು ಎಂದು ಮಾವ ಸಮರ್ಥಿಸಿಕೊಂಡರು. ಆಮೇಲೆ ದನಿ ಏರಿತು. "ಎಲ್ಲಾ ಈ ಮುಖದ ಶೋಕಿ. ನಾನೂ ಅದೇ ಸೀಟಲ್ಲಿ ಕೂತು ಈ ಮನೆ ಕಟ್ಟಿದೀನಿ. ನನಗೇನಾಯ್ತು? ಏನಾಯ್ತು ಹೇಳು."

ಮೇಡಂ ಬಾಯಿ ತೆರೆಯುವ ಮೊದಲೇ ಅತ್ತೆ ಸೌಟು ಕೆಳಗಿಟ್ಟರು.

"ಎಡಗೆನ್ನೆ ಮುಟ್ಟಿ ನೋಡ್ಕೊಳ್ಳಿ," ಅಂದರು.

ಮಾವ ಏನು ಎಂಬಂತೆ ಹುಬ್ಬೇರಿಸಿದರು.

"ಮುಟ್ಟಿ ನೋಡ್ಕೊಳ್ಳಿ ಅಂದೆ. ಬಲಗಡೆ ನಿಮ್ಮ ವಯಸ್ಸು. ಎಡಗಡೆ ನಿಮ್ಮಪ್ಪನ ವಯಸ್ಸು. ಎಷ್ಟು ವರ್ಷದಿಂದ ನೋಡ್ತಾ ಇದೀನಿ. ಗಡ್ಡ ಕೆರ್ಕೊಳ್ಳುವಾಗ ಆ ಕಡೆ ಬ್ಲೇಡು ಸಿಕ್ಕಾಕೊಳ್ಳುತ್ತೆ ಅಂತ ದಿನಾ ಬ್ಲೇಡಿಗೆ ಬೈತೀರಲ್ಲ, ಅದು ಬ್ಲೇಡಿನ ತಪ್ಪಲ್ಲ."

ಮಗಳು ಮೊದಲು ತಾತನ ಒಂದು ಕಡೆ ಬಗ್ಗಿ ನೋಡಿದಳು, ಆಮೇಲೆ ಇನ್ನೊಂದು ಕಡೆ. ನಿಜವೇ. ಬಲಗೆನ್ನೆ ಒಂದಿಷ್ಟು ಜೋತಿತ್ತು, ಅಷ್ಟೇ. ಎಡಗೆನ್ನೆಯ ತುಂಬ ಆಳದ ಗೆರೆಗಳು, ಕಿವಿಯವರೆಗೂ ಕಂದು ಮಚ್ಚೆಗಳು. ಇಷ್ಟು ವರ್ಷ ಅದೇ ಮನೆಯಲ್ಲಿದ್ದು ಅದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಮೇಡಂ ಬೆಪ್ಪಾದಳು. ಮಾವನ ಬಗ್ಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆದರೆ ಹಟ ಇಳಿಯಲಿಲ್ಲ. ಮಾವನ ಕೈ ಅವರಿಗೇ ಗೊತ್ತಿಲ್ಲದ ಹಾಗೆ ಕೆನ್ನೆಗೆ ಹೋಗಿ, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಕಿವಿ ಕೆರೆದುಕೊಂಡು ಕೆಳಗಿಳಿಯಿತು.

"ನನಗೆ ಬಂಗು ಬಂದಾಗ ಯಾರಿಗೆ ತೋರಿಸ್ಬೇಕು ಅಂತ ಕೇಳಿದ್ದು ನೀವೇ," ಎಂದು ಅತ್ತೆ ಮತ್ತೆ ಸೌಟು ತೆಗೆದುಕೊಂಡರು. "ಅದನ್ನೇ ಇವಳಿಗೂ ಹೇಳ್ದೆ ನಾನು. ಸಾಕು. ಕೀಲಿ ಕೊಡಿ ಅವಳಿಗೆ."

ಮಾವ ಕೀಲಿ ಕೊಡಲಿಲ್ಲ. ಕೈ ತೊಳೆದು ಬಂದು, ನಾಳೆ ನರ್ಸಮ್ಮನ ಪಾಠಕ್ಕೆ ನಾನೂ ಬರುತ್ತೇನೆ, ಹಿಂದೆ ಕೂತು ನೋಡುತ್ತೇನೆ, ಯಾವ ಕಡೆ ತಿರುಗಬೇಕು ಅಂತ ನಾನೇ ಹೇಳುತ್ತೇನೆ ಎಂದು ಹೇಳಿ ಒಳಗೆ ಹೋದರು. ಬೆಳಿಗ್ಗೆ ನೋಡಿದರೆ ಕೀಲಿ ಮೊಳೆಯಲ್ಲಿತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ, ಅತ್ತೆಯೂ ಒಲೆಯಿಂದ ಕಣ್ಣೆತ್ತಲಿಲ್ಲ.

ಅವಳು ಕ್ರೀಮು ಹಚ್ಚಿಕೊಂಡು, ಟೋಪಿ ಹಾಕಿಕೊಂಡು ಎಡಗಡೆಯ ಸೀಟಿನಲ್ಲಿ ಕೂತಳು. ನರ್ಸಮ್ಮ ಬಲಗಡೆ. ಮಾವ ಬಂದು ನರ್ಸಮ್ಮನ ಬೆನ್ನ ಹಿಂದೆ, ಪರೀಕ್ಷೆಯ ಸಾಹೇಬರ ಹಾಗೆ ನೆಟ್ಟಗೆ ಕೂತರು. ಕಾರು ಓಣಿಯಲ್ಲಿ ಮೆಲ್ಲಗೆ ಸಾಗಿ ಹೊರರಸ್ತೆಯ ಬಾಯಿಗೆ ಬಂತು.

"ಬಲಕ್ಕೆ," ಅಂದರು ಹಿಂದಿನಿಂದ ಮಾವ.

"ಎಡಕ್ಕೆ," ಅಂದಳು ಮೇಡಂ.

ನರ್ಸಮ್ಮ ಮೊದಲು ಬಲಗಡೆಯ ಇಂಡಿಕೇಟರ್ ಹಾಕಿದರು, ಆಮೇಲೆ ಎಡಗಡೆಯದು, ಆಮೇಲೆ ವೈಪರ್ ಗಾಜಿನ ಮೇಲೆ ಕುಣಿಯತೊಡಗಿತು. ಕಾರು ಕೆಮ್ಮಿ ನಿಂತುಹೋಯಿತು. ಹಿಂದೆ ಒಂದು ಲಾರಿ, ಅದರ ಹಿಂದೆ ಯಾರೋ ಸ್ಕೂಟರಿನವನು ಹಾರನ್ ಒತ್ತತೊಡಗಿದರು.

"ಬಲಕ್ಕೆ ಅಂದೆ. ಮೂವತ್ತು ವರ್ಷ—"

"ಅಯ್ಯೋ, ನಾನು ಯಾರ ಮಾತು ಕೇಳ್ಲಿ?" ಎಂದು ನರ್ಸಮ್ಮ ಅಳುವ ದನಿಯಲ್ಲಿ ಕೇಳಿದರು.

ಮೇಡಂ ತನ್ನ ಕಡೆಯ ಬ್ರೇಕಿನ ಮೇಲೆ ಕಾಲು ಒತ್ತಿಟ್ಟಿದ್ದಳು. ಅವಳ ದನಿ ಏರಲಿಲ್ಲ. "ಈ ಕಾರಲ್ಲಿ ಎರಡನೇ ಬ್ರೇಕು ಯಾರ ಕಾಲ ಕೆಳಗಿದೆಯೋ ಅವರ ಮಾತು. ಕ್ಲಚ್ಚು. ಮೊದಲನೇ ಗೇರು. ಎಡಕ್ಕೆ."

ಕಾರು ಎಡಕ್ಕೆ ತಿರುಗಿತು. ಬಲಗಡೆಯ ಗಾಜಿನಿಂದ ಬಿಸಿಲು ಒಮ್ಮೆಲೇ ಒಳಗೆ ಸುರಿಯಿತು. ನರ್ಸಮ್ಮನ ಎರಡೂ ಕೈ ಸ್ಟೀರಿಂಗ್‌ನಿಂದ ಏಳುವುದರಲ್ಲಿದ್ದವು. ಒಂದು ಕೈಯಿಂದ ಮಾತ್ರ ಮೇಲಿನ ಹಲಗೆ ಎಳೆದು ಪಕ್ಕಕ್ಕೆ ತಿರುಗಿಸಬೇಕು, ಇನ್ನೊಂದು ಕೈ ಸ್ಟೀರಿಂಗ್ ಬಿಡಬಾರದು ಎಂದು ಮೇಡಂ ಹೇಳಿಕೊಟ್ಟಳು. ನರ್ಸಮ್ಮ ಎಳೆದರು. ನೆರಳು ಕಣ್ಣಿಗೆ ಬಂತು. ಕಾರು ತನ್ನ ಸಾಲಿನಲ್ಲೇ ನೆಟ್ಟಗೆ ಹೋಯಿತು.

"ಇಷ್ಟೇನಾ?" ಅಂದರು ನರ್ಸಮ್ಮ.

"ಇಷ್ಟೇ."

ಮೇಡಂ ತನ್ನ ಕಡೆಯ ಪುಟ್ಟ ಕನ್ನಡಿಯಲ್ಲಿ ನೋಡಿದಳು. ಮಾವ ಕಣ್ಣು ಕಿರಿದು ಮಾಡಿಕೊಂಡು, ಒಂದು ಕೈ ಹಣೆಗೆ ಅಡ್ಡ ಹಿಡಿದು ಕೂತಿದ್ದರು. ಹಿಂದಿನ ಸೀಟಿಗೆ ಹಲಗೆ ಇಲ್ಲ. ಸ್ವಲ್ಪ ದೂರ ತಡೆದುಕೊಂಡರು. ಎರಡು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು, ಸೀಟಿನ ಮೇಲೆ ಮೆಲ್ಲಗೆ ಜರುಗುತ್ತಾ ಜರುಗುತ್ತಾ ಎಡಗಡೆಗೆ, ಸೊಸೆಯ ಬೆನ್ನ ಹಿಂದಿನ ನೆರಳಿಗೆ ಬಂದು ಕೂತರು.

"ಏನು ಮಾವ, ಬಿಸಿಲಾ?" ಎಂದು ಕೇಳಿದಳು ಮೇಡಂ, ತಿರುಗದೆ.

"ಇಲ್ಲ, ಇಲ್ಲ. ಆ ಕಡೆ ಸೀಟು ಗಟ್ಟಿ," ಅಂದರು ಮಾವ.

ಮೇಡಂ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಎರಡನೇ ಗೇರು," ಅಂದಳು ನರ್ಸಮ್ಮನಿಗೆ. "ಕಣ್ಣು ಬಿಟ್ಕೊಂಡು."